ಗೂಡು ಕಾಯೋದಿಲ್ಲ: ಚಿತ್ರಕಥೆ ಬರೆಯೋ ಆಸೆ ಇರೋರಿಗೆ ಒಂದು ಪಾಠ

ಹಾಸ್ಟೆಲ್ಲಿನಲ್ಲಿ ಸಿನಿಮಾ ಬಗ್ಗೆ ಮಾತು ಶುರುವಾದರೆ ರಾತ್ರಿ ಒಂದು ಗಂಟೆಗೆ ಮುಂಚೆ ಮುಗಿಯೋದಿಲ್ಲ. ಹೋದ ವಾರದ ಕನ್ನಡ ಸಿನಿಮಾ, ಅದರ ಹಿಂದಿನ ವಾರದ ತೆಲುಗು ಸಿನಿಮಾ, ಎಲ್ಲದಕ್ಕೂ ಪೋಸ್ಟ್‌ಮಾರ್ಟಮ್ ನಡೆಯುತ್ತೆ. ಕೊನೆಗೆ ಯಾರಾದರೊಬ್ಬರು ಮೆಲ್ಲಗೆ ಹೇಳ್ತಾರೆ: "ನನ್ನತ್ರನೂ ಒಂದು ಕಥೆ ಇದೆ, ಆದ್ರೆ ಬರೆಯೋಕೆ ಬರಲ್ಲ."

ಬರಲ್ಲ ಅನ್ನೋದಕ್ಕೆ ಸಾಮಾನ್ಯವಾಗಿ ಎರಡು ಕಾರಣ ಇರುತ್ತವೆ. ಚಿತ್ರಕಥೆ ನೋಡೋಕೆ ಹೇಗಿರುತ್ತೆ ಅಂತಲೇ ಗೊತ್ತಿಲ್ಲ, ಇದು ಮೊದಲನೆಯದು. "ನನ್ನ ಕನ್ನಡ ಸರಿಯಿಲ್ಲ, ಮನೇಲಿ ತೆಲುಗು" ಅನ್ನೋದು ಎರಡನೆಯದು. ಮೊದಲನೆಯದಕ್ಕೆ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಔಷಧ ಇದೆ. ಎರಡನೆಯದು ಕಾಯಿಲೆಯೇ ಅಲ್ಲ. ಎರಡನ್ನೂ ಒಂದೊಂದಾಗಿ ನೋಡೋಣ.

1. ಮೊದಲು ಓದಿ

ಸರ್ಕ್ಯೂಟ್ ಡಯಾಗ್ರಂ ನೋಡದೆ ಸರ್ಕ್ಯೂಟ್ ಕಟ್ಟೋಕಾಗುತ್ತಾ? ಇದೂ ಹಾಗೇ. ಹಾಲಿವುಡ್ ಬರಹಗಾರ ಜಾನ್ ಆಗಸ್ಟ್ ತಮ್ಮ ವೆಬ್‌ಸೈಟಿನಲ್ಲಿ 'ಬಿಗ್ ಫಿಶ್' ಸೇರಿದಂತೆ ತಾವು ಬರೆದ ಚಿತ್ರಕಥೆಗಳನ್ನು ಓದೋಕೆ ಇಟ್ಟಿದ್ದಾರೆ. ಅವರೂ ಕ್ರೇಗ್ ಮೇಜಿನ್ ಅವರೂ ಸೇರಿ 2011ರಿಂದ 'ಸ್ಕ್ರಿಪ್ಟ್‌ನೋಟ್ಸ್' ಅನ್ನೋ ಪಾಡ್‌ಕಾಸ್ಟ್ ನಡೆಸ್ತಾ ಇದ್ದಾರೆ. ಬಸ್ಸಿನಲ್ಲಿ ಕೇಳೋಕೆ ಚೆನ್ನಾಗಿದೆ. ಬಿಬಿಸಿಯ ಸ್ಕ್ರಿಪ್ಟ್ ಲೈಬ್ರರಿಯಲ್ಲಿ ಟಿವಿ ಧಾರಾವಾಹಿಗಳ ಮೂಲ ಸ್ಕ್ರಿಪ್ಟುಗಳು ಸಿಗುತ್ತವೆ. ದೃಶ್ಯ ಕಟ್ಟೋದು, ಕತ್ತರಿಸೋದು ಹೇಗೆ ಅಂತ ನೋಡೋಕೆ ಯೂಟ್ಯೂಬಿನ 'ಎವೆರಿ ಫ್ರೇಮ್ ಎ ಪೇಂಟಿಂಗ್' ಚಾನೆಲ್ ಇದೆ.

ಇಂಜಿನಿಯರಿಂಗ್ ಓದೋರಿಗೆ ನನ್ನ ಮೊದಲ ಶಿಫಾರಸು ಮೇಜಿನ್ ಬರೆದ 'ಚೆರ್ನೋಬಿಲ್' (2019). ಅದರ ಐದೂ ಕಂತುಗಳ ಸ್ಕ್ರಿಪ್ಟುಗಳನ್ನು ಅವರೇ ಬಿಡುಗಡೆ ಮಾಡಿದ್ದಾರೆ. ಕೊನೆಯ ಕಂತಿನಲ್ಲಿ ವಿಜ್ಞಾನಿಯೊಬ್ಬ ಕೋರ್ಟಿನಲ್ಲಿ ನಿಂತು, ಕೆಂಪು-ನೀಲಿ ಫಲಕಗಳನ್ನು ಒಂದೊಂದಾಗಿ ಜೋಡಿಸುತ್ತಾ ರಿಯಾಕ್ಟರ್ ಹೇಗೆ ಸಿಡಿಯಿತು ಅಂತ ವಿವರಿಸ್ತಾನೆ. ನಮ್ಮ ಕ್ಲಾಸಿನಲ್ಲಿ ಇದೇ ಪಾಠ ಇದ್ದರೆ ಅರ್ಧ ಜನ ನಿದ್ದೆ ಮಾಡ್ತಾರೆ. ಅಲ್ಲಿ ಯಾಕೆ ಯಾರೂ ಕಣ್ಣು ಮಿಟುಕಿಸಲ್ಲ? ಸತ್ಯ ಹೇಳಿದರೆ ಅವನ ಬದುಕು ಮುಗೀತು ಅಂತ ನಮಗೆ ಗೊತ್ತಿರುತ್ತೆ. ಮಾಹಿತಿ ಅದೇ, ಆದರೆ ಅದನ್ನು ಹೇಳೋದಕ್ಕೆ ತೆರಬೇಕಾದ ಬೆಲೆ ದೃಶ್ಯದೊಳಗೆ ಇದೆ.

ಕನ್ನಡದಲ್ಲಿ ಇದೇ ಪಾಠ ಬೇಕು ಅಂದರೆ ಗೌರಿಬಿದನೂರಿನ ನಂಟಿರುವ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಿವೆ. ಕಾನೂನು ಓದಿ ಬಂದವರು ಅವರು. 'ಮುಕ್ತ'ದ ಕೋರ್ಟ್ ದೃಶ್ಯಗಳನ್ನು ಒಮ್ಮೆ ಸೌಂಡ್ ಹಾಕಿ, ಒಮ್ಮೆ ಪೆನ್ನು ಹಿಡಿದು ನೋಡಿ. ಯಾರು ಯಾವ ಪ್ರಶ್ನೆಗೆ ಉತ್ತರ ತಪ್ಪಿಸಿದರು ಅಂತ ಗುರುತು ಮಾಡ್ಕೊಳ್ಳಿ.

2. ಕನ್ನಡದಲ್ಲಿ ಟೈಪ್ ಮಾಡೋದು ಹೇಗೆ?

ಚಿತ್ರಕಥೆಯ ಸಾಫ್ಟ್‌ವೇರುಗಳು ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಇದಕ್ಕೆ ಸುಲಭದ ದಾರಿ 'ಫೌಂಟನ್'. 2012ರಲ್ಲಿ ಬಂದ ಇದು ಸಾಫ್ಟ್‌ವೇರ್ ಅಲ್ಲ, ಬರೀ ಬರೆಯೋ ಪದ್ಧತಿ, ಮಾರ್ಕ್‌ಡೌನ್ ಇದ್ದ ಹಾಗೆ. ನಿಮ್ಮ ವಿಎಸ್ ಕೋಡ್‌ಗೆ 'ಬೆಟರ್ ಫೌಂಟನ್' ಎಕ್ಸ್‌ಟೆನ್ಶನ್ ಹಾಕಿಕೊಂಡರೆ ಸಾಕು.

ಒಂದು ತೊಂದರೆ ಇದೆ. ಪೂರ್ತಿ ದೊಡ್ಡಕ್ಷರದಲ್ಲಿರುವ ಸಾಲನ್ನು ಫೌಂಟನ್ ಪಾತ್ರದ ಹೆಸರು ಅಂದುಕೊಳ್ಳುತ್ತೆ. ಕನ್ನಡದಲ್ಲಿ ದೊಡ್ಡಕ್ಷರ-ಚಿಕ್ಕಕ್ಷರ ಇಲ್ಲವೇ ಇಲ್ಲ! ಅದಕ್ಕೆ ಸಾಲಿನ ಮೊದಲಲ್ಲಿ ನಾವೇ ಗುರುತು ಹಾಕಬೇಕು: ದೃಶ್ಯದ ತಲೆಬರಹಕ್ಕೆ ಒಂದು ಚುಕ್ಕಿ (.), ಪಾತ್ರದ ಹೆಸರಿಗೆ @, ಕ್ರಿಯೆಯ ವಿವರಣೆಗೆ !. ಮೂರು ಚಿಹ್ನೆ ಗೊತ್ತಿದ್ದರೆ ಕನ್ನಡದಲ್ಲಿ ಪೂರ್ತಿ ಸಿನಿಮಾ ಬರೆಯಬಹುದು.

ಇನ್ನೆರಡು ಮಾತು. 'ಒಂದು ಪುಟ ಅಂದರೆ ಒಂದು ನಿಮಿಷ' ಅನ್ನೋ ಲೆಕ್ಕ 12 ಪಾಯಿಂಟ್ ಕೊರಿಯರ್ ಫಾಂಟಿನ ಇಂಗ್ಲಿಷ್ ಪುಟಕ್ಕೆ ಮಾತ್ರ. ನಾವು ಜೋರಾಗಿ ಓದಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿಯೋದೇ ಸರಿ. ಪಿಡಿಎಫ್ ಮಾಡುವಾಗ ಒತ್ತಕ್ಷರ ಒಡೆದುಹೋದರೆ ಗೂಗಲ್ ಡಾಕ್ಸ್‌ಗೆ ಹಾಕಿ 'ನೋಟೊ ಸಾನ್ಸ್ ಕನ್ನಡ' ಫಾಂಟ್ ಕೊಡಿ.

3. ಕಥೆಗೆ ಎಲ್ಲಿಗೆ ಹೋಗೋದು?

ಶಿಡ್ಲಘಟ್ಟಕ್ಕೆ ಹೋಗಿ. ತಮಾಷೆ ಅಲ್ಲ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದು ಬೆಳಿಗ್ಗೆ ಸುಮ್ಮನೆ ನಿಂತು ನೋಡಿ. ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆಯಲ್ಲಿ ಗೂಡು ಕಟ್ಟುವ ತನಕ ಮನೆಮಂದಿಯೆಲ್ಲ ಸೊಪ್ಪು ಹಾಕಿರ್ತಾರೆ. ಗೂಡು ಕಟ್ಟಿ ಸುಮಾರು 10-12 ದಿನಕ್ಕೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿಕೊಂಡು ಬಂದುಬಿಡುತ್ತೆ. ತೂತಾದ ಗೂಡಿನಿಂದ ಉದ್ದನೆಯ ನೂಲು ತೆಗೆಯೋಕಾಗಲ್ಲ. ಹರಾಜಿನ ಬೆಲೆ ಒಪ್ಪಿಗೆಯಾಗದಿದ್ದರೆ ರೈತ 'ಕೊಡಲ್ಲ' ಅನ್ನಬಹುದು, ಆದರೆ ಗೂಡು ಕಾಯೋದಿಲ್ಲ. ಆ ಕಡೆ ರೀಲರಿಗೂ ನೂಲಿನ ರೇಟು ಬಿದ್ದಿರುತ್ತೆ, ಅವನೂ ಸುಳ್ಳು ಹೇಳ್ತಿಲ್ಲ.

ಪುಸ್ತಕದಲ್ಲಿ ಹೇಳೋ ಆಸೆ, ಅಡ್ಡಿ, ಗಡುವು ಎಲ್ಲವೂ ಆ ಒಂದು ಜಾಗದಲ್ಲಿ ಇವೆ. ಇಬ್ಬರೂ ಸರಿ, ಇಬ್ಬರಿಗೂ ಕಷ್ಟ.

ಮೊದಲ ಸಲ ಬರೆದಾಗ ನಾವೆಲ್ಲ ಹೀಗೆ ಬರೀತೀವಿ: "ಅಣ್ಣಾ, ನನ್ ಮಗನ ಇಂಜಿನಿಯರಿಂಗ್ ಫೀಸು ಕಟ್ಟಬೇಕು, ಇನ್ನೆರಡು ದಿನ ಆದ್ರೆ ಗೂಡು ತೂತಾಗ್ತದೆ, ದಯವಿಟ್ಟು ರೇಟು ಜಾಸ್ತಿ ಮಾಡು." ಎಲ್ಲಾ ಹೇಳಿಬಿಟ್ಟಾಯ್ತು, ನೋಡೋರಿಗೆ ಕೆಲಸ ಇಲ್ಲ. ಅಲ್ಲದೆ ನಮ್ಮ ಕಡೆ ಯಾವ ರೈತನೂ ಕೊಳ್ಳೋನ ಮುಂದೆ ತನ್ನ ಗಡಿಬಿಡಿ ತೋರಿಸಲ್ಲ. ಎರಡನೇ ಸಲ:

.ಒಳಗೆ. ಗೂಡಿನ ಮಾರುಕಟ್ಟೆ – ಬೆಳಿಗ್ಗೆ

!ರೀಲರು ಒಂದು ಗೂಡು ಎತ್ತಿ ಕಿವಿ ಹತ್ತಿರ ಅಲ್ಲಾಡಿಸ್ತಾನೆ.

@ರೀಲರು
ಬಿಡಿಸಿ ಎಷ್ಟು ದಿನ ಆಯ್ತಣ್ಣ?

@ರೈತ
ನಿನ್ನೆ.

!ರೀಲರು ಮಾತಾಡದೆ ಗೂಡು ವಾಪಸ್ ಇಡ್ತಾನೆ. ರೈತ ಮಗನ ಕಡೆ ತಿರುಗ್ತಾನೆ.

@ರೈತ
ಸಂಚಿ ತೀಸ್ಕೋರಾ. ಪೋದಾಂ.

!ಮಗ ಚೀಲ ಎತ್ತಲ್ಲ. ಅಪ್ಪನ ಮುಖ ನೋಡ್ತಾ ನಿಲ್ತಾನೆ.

ಫೀಸಿನ ಮಾತೇ ಬಂದಿಲ್ಲ. ಆದರೆ ವಾಪಸ್ ಹೋಗೋಕಾಗಲ್ಲ ಅಂತ ಮೂವರಿಗೂ ಗೊತ್ತು, ನಮಗೂ ಗೊತ್ತು.

4. 'ನನ್ನ ಕನ್ನಡ ಸರಿಯಿಲ್ಲ'

ಮೇಲಿನ ದೃಶ್ಯದಲ್ಲಿ ರೈತ ಮಗನಿಗೆ ತೆಲುಗಲ್ಲಿ ಯಾಕೆ ಹೇಳಿದ? ಮನೆಮಾತು ಅದು. ಆದರೆ ರೀಲರಿಗೂ ತೆಲುಗು ಬರುತ್ತೆ ಅಂತ ಅವನಿಗೆ ಗೊತ್ತು, ಅವನು ಕೇಳಿಸಿಕೊಳ್ಳಲಿ ಅಂತಲೇ ಹೇಳಿದ್ದು! ಕನ್ನಡ, ತೆಲುಗು, ಉರ್ದು ಮೂರೂ ಓಡಾಡೋ ನಮ್ಮ ಊರುಗಳಲ್ಲಿ ಯಾರು ಯಾರ ಹತ್ತಿರ ಯಾವ ಭಾಷೆಗೆ ಬದಲಾಯಿಸ್ತಾರೆ ಅನ್ನೋದೇ ಅರ್ಧ ಕಥೆ. ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತರೆ ಇದು ಕಾಣುತ್ತೆ. ಇದನ್ನು ಕೇಳಿಸಿಕೊಳ್ಳೋ ಕಿವಿ ನಮಗೆ ಹುಟ್ಟಿನಿಂದ ಬಂದಿದೆ. ಯಾವ ವೆಬ್‌ಸೈಟೂ ಇದನ್ನು ಕಲಿಸಲ್ಲ.

'ತಿಥಿ' ನೋಡಿದ್ದೀರಲ್ಲ? ಈರೇಗೌಡ ಅವರು ಮಂಡ್ಯ ಜಿಲ್ಲೆಯ ತಮ್ಮ ಊರು ನೊದೆಕೊಪ್ಪಲಿನ ಜನರನ್ನು ಮುಂದಿಟ್ಟುಕೊಂಡು, ಅವರದೇ ಮಾತಿನಲ್ಲಿ ಬರೆದರು. ಆ ಊರುಗಳವರೇ ನಟಿಸಿದರು, ರಾಮ್ ರೆಡ್ಡಿ ನಿರ್ದೇಶಿಸಿದರು. 2015ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಬಂತು. 2013ರ 'ಲೂಸಿಯಾ'ಗೆ ಪವನ್ ಕುಮಾರ್ ಇಂಟರ್‌ನೆಟ್ಟಿನಲ್ಲೇ ಪ್ರೇಕ್ಷಕರಿಂದ ದುಡ್ಡು ಕೂಡಿಸಿದರು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿದವರು. ಆಮೇಲೆ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಒಂದು ವರ್ಷದ ಕೋರ್ಸು ಮಾಡುವಾಗ, ಕೋಳಿ ಕದ್ದ ಅಜ್ಜಿಯಿಂದಾಗಿ ಊರಿಗೆ ಬೆಳಕೇ ಹರಿಯದ ಜನಪದ ಕಥೆ ಇಟ್ಟುಕೊಂಡು ನಾಲ್ಕು ದಿನದಲ್ಲಿ ಕನ್ನಡ ಕಿರುಚಿತ್ರ ಚಿತ್ರೀಕರಿಸಿದರು. ಅದು 2024ರಲ್ಲಿ ಕಾನ್‌ನ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಪಡೆಯಿತು.

ಈ ವಾರದ ಹೋಂವರ್ಕ್

ಒಂದು ಸ್ಕ್ರಿಪ್ಟ್ ಪೂರ್ತಿ ಓದಿ. ಬಸ್ಸಲ್ಲಿ ಕೇಳಿದ ಒಂದು ಮಾತುಕತೆಯನ್ನು ಊರು, ಹೆಸರು ಬದಲಾಯಿಸಿ ಬರೆದಿಟ್ಟುಕೊಳ್ಳಿ. ಆಮೇಲೆ ಎರಡು ಪಾತ್ರದ, ಎರಡು ನಿಮಿಷದ ಒಂದು ದೃಶ್ಯ ಬರೆಯಿರಿ. ಒಬ್ಬರಿಗೆ ಏನೋ ಬೇಕು, ಅದನ್ನು ಅವರು ಬಾಯಿಬಿಟ್ಟು ಹೇಳಬಾರದು. ಗೆಳೆಯರ ಹತ್ತಿರ ಜೋರಾಗಿ ಓದಿಸಿ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ.

ಸೆಮಿಸ್ಟರ್ ಮುಗೀಲಿ, ಪ್ಲೇಸ್‌ಮೆಂಟ್ ಆಗಲಿ, ಆಮೇಲೆ ಬರೆಯೋಣ ಅಂತ ಇಡಬೇಡಿ. ತಲೆಯಲ್ಲಿರೋ ಕಥೆಯದೂ ಗೂಡಿನ ಲೆಕ್ಕವೇ.