ಕುರಿಮರಿ ಗಿರಕಿ ಹೊಡೆದರೆ ಔಷಧಿ ನಾಯಿಗೆ ಕೊಡಿ

ಚಳ್ಳಕೆರೆ, ಹಿರಿಯೂರು ಕಡೆಯ ಕುರಿ ರೊಪ್ಪಗಳಿಂದ ಮತ್ತೆ ಅದೇ ದೂರು. ವರ್ಷದ ಆಸುಪಾಸಿನ ಮರಿ ಹಿಂಡು ಬಿಟ್ಟು ಹಿಂದೆ ನಿಲ್ಲುತ್ತದೆ, ತಲೆ ಒಂದು ಪಕ್ಕಕ್ಕೆ ವಾಲಿಸಿಕೊಂಡು ಇದ್ದಲ್ಲೇ ಗಿರಕಿ ಹೊಡೆಯುತ್ತದೆ, ಕಣ್ಣು ಕಾಣದೆ ಬೇಲಿಗೆ ಗುದ್ದಿಕೊಳ್ಳುತ್ತದೆ. ವಿಷದ ಸೊಪ್ಪು ಮೇದಿದೆ ಎನ್ನುವವರುಂಟು, ತಾಯತ ಕಟ್ಟಿದವರೂ ಉಂಟು. ಜ್ವರ ಬಂದು ಎರಡು ಮೂರು ದಿನದಲ್ಲೇ ಮಲಗಿಬಿಟ್ಟರೆ ಅದು ಬೇರೆ ರೋಗವಿರಬಹುದು, ವೈದ್ಯರಿಗೆ ತೋರಿಸಿ. ವಾರಗಟ್ಟಲೆ ಸುತ್ತಿ ಸುತ್ತಿ ಸೊರಗುವ ಮರಿಯ ತಲೆಬುರುಡೆಯೊಳಗೆ ಮಾತ್ರ ಸಾಮಾನ್ಯವಾಗಿ ಸಿಗುವುದು ನೀರುಗುಳ್ಳೆ. ಗುಳ್ಳೆಯ ಒಳಪದರಕ್ಕೆ ಅಕ್ಕಿನುಚ್ಚಿನಂತೆ ಅಂಟಿರುವ ಬಿಳಿ ಚುಕ್ಕಿಗಳೆಲ್ಲ ಲಾಡಿಹುಳುವಿನ ತಲೆಗಳು.

ಆ ಹುಳು ದೊಡ್ಡದಾಗುವುದು ಕುರಿ ಕಾಯುವ ನಾಯಿಯ ಕರುಳಿನಲ್ಲಿ. ನಾಯಿಯ ಮಲದಲ್ಲಿ ಮೊಟ್ಟೆ, ಅಲ್ಲಿ ಮೇದ ಮರಿಗೆ ಗುಳ್ಳೆ, ಆ ಮರಿಯ ತಲೆ ತಿಂದ ನಾಯಿಗೆ ಮತ್ತೆ ಹುಳು. ಇಷ್ಟು ಗೊತ್ತಿದ್ದರೆ ಸಾಕು.

ಕುರಿಗೆ ಮಳೆಗಾಲದ ಮುಂಚೆ ಒಂದು ಸಲ, ಆಮೇಲೊಂದು ಸಲ ತಪ್ಪದೆ ಜಂತಿನ ಔಷಧಿ ಕುಡಿಸುವ ಜನ, ನಾಯಿಗೆ ಯಾವಾಗ ಕೊಟ್ಟಿರಿ ಎಂದರೆ ನಗುತ್ತಾರೆ. ಅದಾದರೂ ಇರಲಿ. ಗಿರಕಿ ಹೊಡೆಯುವ ಮರಿ ಇನ್ನು ದಕ್ಕದು ಎಂದು ಕೊಯ್ದು, ಮಾಂಸ ಹಂಚಿಕೊಂಡು, ತಲೆ ಕೆಟ್ಟಿದೆ ಎಂದು ಅದನ್ನು ನಾಯಿಗೆ ಎಸೆಯುವುದಿದೆಯಲ್ಲ, ಅದಕ್ಕೆ ಏನು ಹೇಳಬೇಕು? ರೋಗವಿದ್ದದ್ದೇ ಆ ತಲೆಯಲ್ಲಿ. ಎಷ್ಟು ಸಲ ಹೇಳಿದರೂ ಹಬ್ಬ, ಜಾತ್ರೆ ಬಂತೆಂದರೆ ಮತ್ತೆ ಅದೇ. ತಲೆ, ಗುಳ್ಳೆ ಕಂಡ ಲಿವರ್, ಪುಪ್ಪುಸ ಇವನ್ನು ಸುಡಿ. ಇಲ್ಲವೇ ಆಳವಾಗಿ ಹೂತು ಮೇಲೆ ಕಲ್ಲು ಹೇರಿ. ಬರೀ ಮಣ್ಣು ಮುಚ್ಚಿದರೆ ರಾತ್ರಿಯೇ ಕೆದರಿ ತೆಗೆಯುತ್ತವೆ. ನಾಯಿಗೆ ಹಾಕಲೇಬೇಕೆಂದಿದ್ದರೆ ಸಣ್ಣದಾಗಿ ಕೊಚ್ಚಿ, ಕುದಿ ಬಂದ ಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬೇಯಿಸಿ ಹಾಕಿ.

ಇನ್ನು ಔಷಧಿ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್, ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಅಂಗಡಿಯಲ್ಲಿ ಸಿಗುವ ಮಾತ್ರೆಯ ಮೇಲೆ ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ 144, ಫೆಬಾಂಟೆಲ್ 150 ಮಿ.ಗ್ರಾಂ ಎಂದಿದ್ದರೆ 10 ಕಿಲೋಗೆ ಒಂದು ಮಾತ್ರೆ. ಜಂತುಹುಳು, ಕೊಕ್ಕೆಹುಳುವಿಗೂ ಅದೇ ಆಗುತ್ತದೆ. 25 ಕಿಲೋ ನಾಯಿಗೆ ಎರಡೂವರೆ. "ಒಂದು ಹಾಕಿದೆ ಸಾರ್" ಎಂದರೆ ದುಡ್ಡು ಮಣ್ಣಿಗೆ ಹಾಕಿದಂತೆ. ತೂಕ ಅಂದಾಜು ಮಾಡಬೇಡಿ; ನಾಯಿಯನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ನಿಮ್ಮ ತೂಕ ಕಳೆಯಿರಿ. ಉಪವಾಸ ಕೆಡವಬೇಕಿಲ್ಲ, ಮುದ್ದೆಯಲ್ಲಿಟ್ಟು ನುಂಗಿಸಿ. ಆಮೇಲೆ ಎರಡು ದಿನ ಕಟ್ಟಿಹಾಕಿ, ಮಲವನ್ನು ಸುಡಿ ಅಥವಾ ಹೂಳಿ. ಮಾತ್ರೆ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ.

ಹಿಂಡಿನ ಜೊತೆ ತಿರುಗುವ, ಹಸಿ ಮಾಂಸ ಸಿಗುವ ನಾಯಿಗೆ 6 ವಾರಕ್ಕೊಮ್ಮೆ. ಒಳಗೆ ಸೇರಿದ ಹುಳು ಮೊಟ್ಟೆ ಉದುರಿಸಲು ಹೆಚ್ಚುಕಡಿಮೆ ಅಷ್ಟು ದಿನ ಬೇಕು, ಅದಕ್ಕೇ ಈ ಲೆಕ್ಕ. ಮನೆಯಂಗಳದ ನಾಯಿಗೆ 3 ತಿಂಗಳಿಗೊಮ್ಮೆ ಸಾಕು. ಉಚಿತ ಶಿಬಿರ ಬಂದಾಗ ಕೊಡಿಸಿದರಾಯಿತು ಎಂದು ಕಾಯಬೇಡಿ. ವರ್ಷಕ್ಕೊಂದು ಶಿಬಿರ ಫೋಟೋಗೆ ಆದೀತು, ಹುಳುವಿಗಾಗದು.

ಕುರಿಯ ಬಾಟಲಿಯಲ್ಲಿ ಉಳಿದದ್ದನ್ನು ನಾಯಿಗೆ ಸುರಿಯುವ ಚಾಳಿಯೂ ಬಿಡಿ. ಫೆನ್‌ಬೆಂಡಜೋಲ್ ಕುರಿಗೆ ಕಿಲೋಗೆ 5 ಮಿ.ಗ್ರಾಂ ಒಂದೇ ಸಲ. ನಾಯಿಗೆ 50 ಮಿ.ಗ್ರಾಂ, ಅದೂ 3 ದಿನ. ಕುರಿಯ ಅಳತೆಯಲ್ಲಿ ಕೊಟ್ಟರೆ ನಾಟುವುದಿಲ್ಲ. ಐವರ್‌ಮೆಕ್ಟಿನ್ ಚುಚ್ಚುಮದ್ದು ಲಾಡಿಹುಳುವನ್ನು ಮುಟ್ಟುವುದೇ ಇಲ್ಲ, ಅಳತೆ ತಪ್ಪಿದರೆ ನಾಯಿಯೇ ಹೋಗುತ್ತದೆ.

ಲಿವರ್ ಗುಳ್ಳೆಯ ಹುಳು ಬೇರೆ, ಕೆಲವೇ ಮಿಲಿಮೀಟರ್ ಉದ್ದ, ಮಲದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಲಿವರ್‌ನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆ ವರ್ಷಗಟ್ಟಲೆ ಬೆಳೆದು ಆಪರೇಷನ್ ತನಕ ಒಯ್ಯುತ್ತದೆ. ನಾಯಿ ಮುಟ್ಟಿದ ಕೈಯಲ್ಲಿ ಊಟಕ್ಕೆ ಕೂರಬೇಡಿ.

ನಾಯಿಮರಿಗಳಿಗೆ ಮಾತ್ರೆ ಮುರಿದು ಹಾಕುವುದು ಬೇಡ. ಹೊಟ್ಟೆ ಉಬ್ಬಿ, ಮೈ ಒಣಗಿ, ಕಪ್ಪು ಭೇದಿಯಾಗಿ ಸಾಯುವ ಮರಿಗಳಲ್ಲಿ ಹೆಚ್ಚಾಗಿ ಇರುವುದು ಜಂತುಹುಳು, ಕೊಕ್ಕೆಹುಳು. ಪೈರಾಂಟೆಲ್, ಫೆಬಾಂಟೆಲ್ ಸೇರಿದ ಮರಿಗಳ ಸಿರಪ್ ಸಿಗುತ್ತದೆ: ಪ್ರತಿ ಮಿ.ಲೀ.ಗೆ ಎರಡೂ ಸುಮಾರು 15 ಮಿ.ಗ್ರಾಂ ಇರುವುದಾದರೆ ಕಿಲೋಗೆ 1 ಮಿ.ಲೀ. ಹುಟ್ಟಿದ 2, 4, 6, 8ನೇ ವಾರ ಕುಡಿಸಿ, ಆಮೇಲೆ 6 ತಿಂಗಳ ತನಕ ತಿಂಗಳಿಗೊಮ್ಮೆ. ಮರಿಗಳನ್ನು ನೆಕ್ಕಿ ನೆಕ್ಕಿ ತಾಯಿಗೂ ಹುಳು ಅಂಟಿರುತ್ತದೆ, ಅದಕ್ಕೂ ಅದೇ ದಿನಗಳಲ್ಲಿ ಅದರ ತೂಕದ ಲೆಕ್ಕದಲ್ಲಿ ಮಾತ್ರೆ ಕೊಡಿ.