ಊರಿಗೆ ಅನ್ನವಿಕ್ಕುವ ಮಹಿಳೆಯರಿಗೆ ಸಕಾಲ ಪಾವತಿಯೇ ಸನ್ಮಾನ



ಪ್ರತಿವರ್ಷ ಮಾರ್ಚ್ 8ರಂದು ನಮ್ಮ ಸಂಘ-ಸಂಸ್ಥೆಗಳು ರೊಟ್ಟಿ, ಹಪ್ಪಳ, ಚಟ್ನಿಪುಡಿ ತಯಾರಿಸುವ ಮಹಿಳೆಯರಿಗೆ ಶಾಲು ಹೊದಿಸಿ ಫಲತಾಂಬೂಲ ನೀಡುತ್ತವೆ. ಇದು ಸ್ತುತ್ಯರ್ಹವೇ. ಆದರೆ ಕೆಲವು ವರ್ಷಗಳ ಹಿಂದೆ ಕಕ್ಷಿದಾರರೊಬ್ಬರ ಲೆಕ್ಕ ಪರಿಶೋಧಿಸುವಾಗ ಕಂಡ ಸಂಗತಿಯೊಂದು ನನ್ನನ್ನು ಚಿಂತೆಗೀಡುಮಾಡಿತು. ಅವರು ವೇದಿಕೆಯಲ್ಲಿ ಸನ್ಮಾನಿಸಿದ ಸ್ವಸಹಾಯ ಸಂಘದ ಬಿಲ್ಲು, ಆ ದಿನಕ್ಕೆ 90 ದಿನ ದಾಟಿ ಬಾಕಿ ಉಳಿದಿತ್ತು. ದೊಡ್ಡ ಕಂಪನಿಯ ಬಿಸ್ಕತ್ತಿಗೆ ಮಾತ್ರ ಮುಂಗಡ ಪಾವತಿಯಾಗಿತ್ತು. ಹಿಂದಿನ ವರ್ಷಗಳಲ್ಲಿ ಇಂಥದೇ ಪಟ್ಟಿಗೆ ನಾನೂ ಗಮನಿಸದೆ ಸಹಿ ಹಾಕಿದ್ದೆನೆಂಬುದನ್ನು ಒಪ್ಪಿಕೊಳ್ಳಲೇಬೇಕು.

ವಿಳಂಬದ ಪರಿಣಾಮ

ಹಿಂಗಾರು ಜೋಳ ಪೇಟೆಗೆ ಬರುವ ಕಾಲದಲ್ಲಿ ಕೈಯಲ್ಲಿ ಹಣವಿದ್ದರೆ ಸಂಘವು ವರ್ಷದ ದಾಸ್ತಾನನ್ನು ನೇರವಾಗಿ ರೈತರಿಂದ ಖರೀದಿಸಬಲ್ಲದು. ನಮ್ಮಲ್ಲಿ ಹಣ ಸಿಲುಕಿದರೆ ಸಾಲ ಮಾಡಬೇಕು. ಇಲ್ಲವೇ ಮಳೆಗಾಲದಲ್ಲಿ ಹೆಚ್ಚಿನ ಬೆಲೆ ತೆರಬೇಕು. ಹೀಗೆ ಒಂದು ಬಿಲ್ಲಿನ ವಿಳಂಬವು ಹೊಲದಿಂದ ಒಲೆಯವರೆಗಿನ ಇಡೀ ಸರಪಳಿಯನ್ನು ಸಡಿಲಗೊಳಿಸುತ್ತದೆ.

ಈ ಸರಪಳಿಯ ಬಲವನ್ನು ಅರಿಯಲು ಎರಡು ನಿದರ್ಶನಗಳು ಸಾಕು. 1959ರಲ್ಲಿ ಮುಂಬಯಿಯ ಗಿರಗಾಂವದಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲದಿಂದ ಲಿಜ್ಜತ್ ಹಪ್ಪಳವನ್ನು ಆರಂಭಿಸಿದರು. ಲಟ್ಟಿಸಿದ ಹಪ್ಪಳ ಒಪ್ಪಿಸಿದಾಗಲೇ ಕೂಲಿ ನೀಡುವ ಪದ್ಧತಿ ಆ ಸಂಸ್ಥೆಯ ಅಡಿಗಲ್ಲುಗಳಲ್ಲೊಂದು. ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿಫಾತಿಮಾ ಮಹಿಳಾ ಸ್ವಸಹಾಯ ಸಂಘವು ಸಿರಿಧಾನ್ಯಗಳ ಬೀಜ ಸಂರಕ್ಷಣೆ ಹಾಗೂ ಸಂಸ್ಕರಣೆಗಾಗಿ 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿಗೆ ಪಾತ್ರವಾಯಿತು.

ಕಾನೂನು ಏನು ಹೇಳುತ್ತದೆ?

ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ, 2006ರ 15ನೇ ಕಲಮಿನಂತೆ ಸೂಕ್ಷ್ಮ ಅಥವಾ ಸಣ್ಣ ಉದ್ಯಮಕ್ಕೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ, ಇದ್ದರೆ ಒಪ್ಪಿದ ದಿನದೊಳಗೆ ಹಣ ಸಲ್ಲಿಸತಕ್ಕದ್ದು. ಒಪ್ಪಂದವಾದರೂ 45 ದಿನಗಳನ್ನು ಮೀರುವಂತಿಲ್ಲ. ತಪ್ಪಿದಲ್ಲಿ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ತೆರಬೇಕು. ಈ ಬಡ್ಡಿಯನ್ನು ಆದಾಯದಿಂದ ಕಳೆಯಲು ಅವಕಾಶವಿಲ್ಲ.

ಇದಲ್ಲದೆ 2023ರ ಹಣಕಾಸು ಕಾಯಿದೆಯು ಆದಾಯ ತೆರಿಗೆ ಕಾನೂನಿಗೆ 43ಬಿ(ಎಚ್) ಕಲಮನ್ನು ಸೇರಿಸಿತು. 2024-25ನೇ ತೆರಿಗೆ ನಿರ್ಧಾರಣಾ ವರ್ಷದಿಂದ ಜಾರಿಗೆ ಬಂದ ಈ ತತ್ವವು 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲೂ ಮುಂದುವರಿದಿದೆ. ಅವಧಿ ಮೀರಿದ ಬಾಕಿಯು, ಹಣ ವಾಸ್ತವವಾಗಿ ಸಂದಾಯವಾದ ವರ್ಷದಲ್ಲಿ ಮಾತ್ರ ಖರ್ಚೆಂದು ಪರಿಗಣಿತವಾಗುತ್ತದೆ.

ಒಂದು ಉದಾಹರಣೆ

ಫೆಬ್ರುವರಿ 1ರಂದು ನೋಂದಾಯಿತ ಸಂಘವೊಂದರಿಂದ 2,00,000 ರೂಪಾಯಿಯ ರೊಟ್ಟಿ ಮತ್ತು ಶೇಂಗಾ ಚಟ್ನಿ ಪಡೆದಿರಿ; ಲಿಖಿತ ಒಪ್ಪಂದವಿಲ್ಲ ಎಂದಿಟ್ಟುಕೊಳ್ಳೋಣ. ಫೆಬ್ರುವರಿ 16ಕ್ಕೆ ಅವಧಿ ಮುಗಿಯಿತು. ಮಾರ್ಚ್ 31ಕ್ಕೂ ಬಾಕಿ ಉಳಿದರೆ ಆ ವರ್ಷದ ನಿಮ್ಮ ಆದಾಯಕ್ಕೆ 2,00,000 ರೂಪಾಯಿ ಕೂಡುತ್ತದೆ. ಶೇ. 30ರ ದರದಲ್ಲಿ 60,000 ರೂಪಾಯಿ ತೆರಿಗೆ, ಅದರ ಮೇಲೆ ಸೆಸ್. ಮೇ ತಿಂಗಳಲ್ಲಿ ಪಾವತಿಸಿದರೆ ಮುಂದಿನ ವರ್ಷ ಈ ಖರ್ಚು ಸಿಗುವುದು ನಿಜ. ಆದರೆ ಅಷ್ಟರವರೆಗೆ ನಿಮ್ಮ ದುಡಿಯುವ ಬಂಡವಾಳ ತೆರಿಗೆಯಲ್ಲಿ ಸಿಲುಕಿರುತ್ತದೆ. ಬ್ಯಾಂಕ್ ದರ ಶೇ. 6 ಎಂದು ಹಿಡಿದರೆ ಮೂರು ತಿಂಗಳ ವಿಳಂಬಕ್ಕೆ ಬಡ್ಡಿ ಸುಮಾರು 9,136 ರೂಪಾಯಿ.

ಸದಸ್ಯರು ಕೈಗೊಳ್ಳಬೇಕಾದ ಕ್ರಮಗಳು

1. ಸರಬರಾಜು ಮಾಡುವ ಸಂಘಗಳಿಂದ ಉದ್ಯಮ್ ನೋಂದಣಿ ಸಂಖ್ಯೆ ಪಡೆದು ಖಾತೆಪುಸ್ತಕದಲ್ಲಿ ಪ್ರತ್ಯೇಕ ಗುಂಪಾಗಿ ನಮೂದಿಸಿರಿ. ಈ ನೋಂದಣಿ ಸ್ವಸಹಾಯ ಸಂಘಗಳಿಗೂ ಲಭ್ಯ, ಉಚಿತ. ಮಾಡಿಸಿರದಿದ್ದರೆ ನೆರವಾಗಿರಿ.

2. ಪಾವತಿಯ ದಿನವನ್ನು ಕನ್ನಡದಲ್ಲಿ ಲಿಖಿತವಾಗಿ ಗೊತ್ತುಪಡಿಸಿರಿ.

3. ಮಾಲಿನ ಬಗ್ಗೆ ಆಕ್ಷೇಪವಿದ್ದರೆ 15 ದಿನಗಳೊಳಗೆ ಬರಹದಲ್ಲಿ ತಿಳಿಸಿರಿ. ತಿಂಗಳುಗಳ ನಂತರ ಬಾಯಿಮಾತಿನಲ್ಲಿ ದೋಷ ಹೇಳಿ ಹಣ ಕಡಿತಗೊಳಿಸುವುದು ಸಲ್ಲದು.

4. ಹಣವನ್ನು ಸಂಘದ ಬ್ಯಾಂಕ್ ಖಾತೆಗೇ ಜಮಾ ಮಾಡಿರಿ. ಆ ವಹಿವಾಟಿನ ದಾಖಲೆಯೇ ನಾಳೆ ಅವರಿಗೆ ಸಾಲದ ಅರ್ಹತೆ ತಂದುಕೊಡುತ್ತದೆ.

5. ಸಾಧ್ಯವಿದ್ದವರು ಜೋಳದ ಸುಗ್ಗಿಯಲ್ಲಿ ಅಲ್ಪ ಮುಂಗಡ ನೀಡಿರಿ.

ನೊಂದ ಸರಬರಾಜುದಾರರು ಕಾಯಿದೆಯನ್ವಯ ರಚಿತವಾದ ಸೌಲಭ್ಯ ಮಂಡಳಿಗೆ ದೂರು ಸಲ್ಲಿಸಬಹುದು. ಆದರೆ ಇರುವ ಒಬ್ಬ ಗಿರಾಕಿಯನ್ನು ಕಳೆದುಕೊಳ್ಳುವ ಭಯದಿಂದ ಹಳ್ಳಿಯ ಮಹಿಳೆಯರು ಮಂಡಳಿಯ ಮೆಟ್ಟಿಲೇರುವುದು ಅಪರೂಪ. ಅವರ ಮೌನವನ್ನು ಸಮ್ಮತಿಯೆಂದು ಭಾವಿಸಬಾರದು.

ಮೇಲೆ ಹೇಳಿದ ಕಕ್ಷಿದಾರರು ಆ ವಾರವೇ ಬಾಕಿ ತೀರಿಸಿದರು. ಈಗ ಅವರಲ್ಲಿ ಸಂಘಗಳ ಬಿಲ್ಲುಗಳಿಗೆ ಪ್ರತಿ ಶನಿವಾರ ಪಾವತಿಯಾಗುತ್ತದೆ. ಸನ್ಮಾನ ಸಮಾರಂಭಗಳು ನಡೆಯಲಿ. ಆದರೆ ಶಾಲು ಹೊದಿಸುವ ಮುನ್ನ ನಮ್ಮ ಖಾತೆಪುಸ್ತಕವನ್ನೊಮ್ಮೆ ತೆರೆದು ನೋಡೋಣ.