ಪಟಾಕಿಗೂ ಮುಂಚೆ ಕುದುರೆಗೆ ಧೈರ್ಯ

ದೀಪಾವಳಿಗೆ ಇನ್ನೂ ದಿನ ಇದೆ ಅಂತ ಸುಮ್ಮನಿರಬೇಡಪ್ಪಾ. ಗುಬ್ಬಿಯಲ್ಲಿ ಮದುವೆ ಮೆರವಣಿಗೆಗೆ ಅಂತ ಹೆಣ್ಣುಗುದುರೆ ತಂದು ಕಟ್ಟಿದ್ದೀಯ, ಸಂತೋಷ. ಆದರೆ ಹಬ್ಬದ ರಾತ್ರಿ ಮೈ ಸವರಿ ಸಮಾಧಾನ ಮಾಡಿದರಾಯಿತು ಅಂದುಕೊಂಡಿದ್ದರೆ ಆ ಮಾತು ಬಿಡು. ಕುದುರೆಯ ಧೈರ್ಯ ಒಂದು ರಾತ್ರಿಯಲ್ಲಿ ಬರುವುದಲ್ಲ.

ಮೈಸೂರಿನಲ್ಲಿ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರಿಸುತ್ತಾರಲ್ಲ, ಅದಕ್ಕೆ ಮುಂಚೆಯೇ ಆನೆಗಳನ್ನೂ ಅಶ್ವದಳದ ಕುದುರೆಗಳನ್ನೂ ನಿಲ್ಲಿಸಿ ಫಿರಂಗಿ ಸಿಡಿಸುವ ತಾಲೀಮು ನಡೆಸುತ್ತಾರೆ. ಅದೂ ಒಂದೇ ಸಲಕ್ಕೆ ಬಿಡುವುದಿಲ್ಲ. ಪೊಲೀಸರ ಕುದುರೆಗೇ ಅಷ್ಟು ಅಭ್ಯಾಸ ಬೇಕು. ನಿನಗೆ ಫಿರಂಗಿ ಬೇಡ, ಮೊಬೈಲ್ ಸಾಕು. ಹುರುಳಿ ತಿನ್ನುವ ಹೊತ್ತಿನಲ್ಲಿ ಪಟಾಕಿ ಸದ್ದನ್ನು ಸಣ್ಣಗೆ ಹಾಕು. ಒಂದು ಕಿವಿ ಆ ಕಡೆ ತಿರುಗಿದರೂ ಬಾಯಿ ಆಡುತ್ತಲೇ ಇದ್ದರೆ ಸರಿ, ನಾಳೆ ಒಂಚೂರು ಜೋರು ಮಾಡು. ಮೇವು ಬಿಟ್ಟು ತಲೆಯೆತ್ತಿ ಮೂಗಿನ ಹೊಳ್ಳೆ ಅರಳಿಸಿದರೆ ತಕ್ಷಣ ತಗ್ಗಿಸು. ಅಲ್ಲಿ ಹಠ ಹಿಡಿದರೆ ಅದುವರೆಗಿನ ಶ್ರಮವೆಲ್ಲ ನೀರುಪಾಲು.

ಕುದುರೆಗೆ ಬೆನ್ನ ಹಿಂದಿನ ಒಂದಿಷ್ಟು ಜಾಗ ಬಿಟ್ಟರೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ನಮ್ಮ ಕಿವಿಗೆ ಬೀಳದ ಸದ್ದೂ ಕೇಳುತ್ತದೆ. ಹೆದರಿದಾಗ ಅದಕ್ಕೆ ಗೊತ್ತಿರುವ ದಾರಿ ಓಟ ಒಂದೇ. ಅದಕ್ಕೇ ಹಬ್ಬದ ರಾತ್ರಿ ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟಬೇಡ, ಕತ್ತು ಮುರಿದುಕೊಂಡೀತು. ಕತ್ತಲಾಗುವ ಮುಂಚೆ ಲಾಯಕ್ಕೆ ಸೇರಿಸಿ ಒಳಗೆ ಬಿಟ್ಟುಬಿಡು. ಬಕೆಟ್ಟು, ಮೊಳೆ, ತಂತಿ ಏನೂ ಉಳಿಯದಂತೆ ನೋಡಿಕೋ. ಕಿಟಕಿಗೆ ಗೋಣಿತಾಟು ಇಳಿಬಿಟ್ಟು ಒಳಗೊಂದು ದೀಪ ಉರಿಸು, ಹೊರಗಿನ ಮಿಂಚು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ರೇಡಿಯೋ ಹಾಡುತ್ತಿರಲಿ. ಒಣಹುಲ್ಲು ಧಾರಾಳವಾಗಿ ಕೊಡು, ಹುರುಳಿ ಕಮ್ಮಿ ಮಾಡು. ಗಾಬರಿಯಲ್ಲಿ ಹೊಟ್ಟೆನೋವು ಬಂದರೆ ವಾಂತಿಯಾಗಿ ಹಗುರಾಗುವ ಪ್ರಾಣಿ ಅಲ್ಲ ಅದು.

2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿ ಪಟಾಕಿಗೆ ರಾತ್ರಿ 8ರಿಂದ 10 ಅಂತ ಹೊತ್ತು ಗೊತ್ತುಮಾಡಿತು. ಬೀದಿ ಹುಡುಗರು ಅದನ್ನು ಕಾಯುವುದಿಲ್ಲ, ನೀನೇ ಹೋಗಿ ಅಕ್ಕಪಕ್ಕದವರನ್ನು ಕೇಳಿಕೋ.

ಕುಣಿಗಲ್‌ನ ನೆಂಟರಿಗೂ ಒಂದು ಮಾತು ಹಾಕು. ಅಲ್ಲಿನ ಸ್ಟಡ್ ಫಾರಂ ಟಿಪ್ಪು ಕಾಲದ್ದು, 400 ಎಕರೆಗೂ ಮೇಲಿದೆ, ಊರಿಗೆ ಅಂಟಿಕೊಂಡೇ ಇದೆ. ರೇಸ್ ಕುದುರೆಗಳ ವಯಸ್ಸನ್ನು ಜನವರಿ 1ರಿಂದ ಎಣಿಸುವುದರಿಂದ ವರ್ಷದ ಮೊದಲ ತಿಂಗಳುಗಳಲ್ಲೇ ಮರಿ ಹಾಕುವಂತೆ ಲೆಕ್ಕ ನೋಡಿ ಕೂಡಿಸುತ್ತಾರೆ. ಹೊರುವುದು 11 ತಿಂಗಳು. ಅಲ್ಲಿಗೆ ದೀಪಾವಳಿ ಬರುವುದು ತಾಯಿಗುದುರೆಗಳ ಗಬ್ಬ ಬಲಿತ ಕಾಲಕ್ಕೇ. ಅಂಥವು ಕತ್ತಲಲ್ಲಿ ಬೆದರಿ ಬೇಲಿಗೆ ನುಗ್ಗಿದರೆ ಎರಡು ಜೀವಕ್ಕೆ ಕುತ್ತು. ಬೇಲಿ ಪಕ್ಕದ ಮನೆಯವರು ಆ ಕಡೆಗೆ ರಾಕೆಟ್ ಬಿಡದಿದ್ದರೆ ಅದೇ ದೊಡ್ಡ ಪುಣ್ಯ.

ಹಬ್ಬಕ್ಕಿಂತ ನನಗೆ ಹೆಚ್ಚು ಭಯ ಮದುವೆಗಳದ್ದು. ತುಮಕೂರಿನ ಛತ್ರದ ಬಾಗಿಲಲ್ಲಿ ಗಂಡು ಇನ್ನೂ ಕುದುರೆ ಮೇಲಿರುವಾಗಲೇ ಸರಪಟಾಕಿಗೆ ಬೆಂಕಿ ಇಡುತ್ತಾರೆ, ಸುತ್ತ ಮಕ್ಕಳಿರುತ್ತವೆ. ಮುಂಗಡ ಹಿಡಿಯುವಾಗಲೇ ಖಡಾಖಂಡಿತವಾಗಿ ಹೇಳು: ಗಂಡು ಇಳಿದು ಕುದುರೆ ಬೀದಿ ದಾಟುವವರೆಗೆ ಪಟಾಕಿ ಇಲ್ಲ. ಒಪ್ಪದವರ ದುಡ್ಡು ವಾಪಸ್ ಕೊಟ್ಟುಬಿಡು, ಎಷ್ಟೇ ಆಗಲಿ.

ಇಷ್ಟಾದರೂ ಬೆದರುವ ಜಾತಿಯಾದರೆ ಪಶುವೈದ್ಯರನ್ನು ಮೊದಲೇ ಕಾಣು. ಶಾಂತವಾಗಿಸುವ ಮದ್ದು ಗಾಬರಿ ಹತ್ತುವ ಮುಂಚೆ ಬಿದ್ದರೆ ಕೆಲಸ ಮಾಡುತ್ತದೆ, ಆಮೇಲೆ ಅಷ್ಟಕ್ಕಷ್ಟೆ. ಅವರಿವರ ಮಾತು ಕೇಳಿ ನೀನೇ ಕೊಡಬೇಡ. ರಾತ್ರಿ ಅದು ನೆಲ ಕೆರೆದು, ಹೊರಳಾಡಿ, ತಿರುತಿರುಗಿ ಹೊಟ್ಟೆ ನೋಡಿಕೊಂಡರೆ ಬೆಳಗಾಗಲಿ ಅನ್ನದೆ ವೈದ್ಯರಿಗೆ ಫೋನ್ ಮಾಡು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಬೆಳಿಗ್ಗೆ ಲದ್ದಿ ಹಾಕಿದೆಯಾ ನೋಡಿ, ಅಂಗಳದಲ್ಲಿ ಬಿದ್ದ ಪಟಾಕಿ ಕಾಗದ, ರಾಕೆಟ್ ಕಡ್ಡಿ ಎಲ್ಲ ಗುಡಿಸಿದ ಮೇಲೆಯೇ ಹೊರಗೆ ಬಿಡು.